ಹಾಜರಿ ಹಾಕುವವನೇ ಕಿರುಕುಳ ಕೊಟ್ಟರೆ: ಹಾಸನ, ಚಿಕ್ಕಮಗಳೂರಿನ ಕೆಲಸಗಾರ್ತಿಯರಿಗೂ ಮಾಲೀಕರಿಗೂ ಒಂದು ಸಮಗ್ರ ಮಾರ್ಗದರ್ಶಿ

ಸಕಲೇಶಪುರದ ಕಾಫಿ ತೋಟವಿರಲಿ, ಹಾಸನದ ಗಾರ್ಮೆಂಟ್ಸ್ ಇರಲಿ, ಮೂಡಿಗೆರೆ ಕಡೆಯ ಹೋಂಸ್ಟೇ ಇರಲಿ, ಕೆಲಸದ ಹೆಣ್ಣುಮಕ್ಕಳಿಗೆ ಲೈಂಗಿಕ ಕಿರುಕುಳ ಕೊಡುವವನ ಕೈಯಲ್ಲಿ ಸಾಮಾನ್ಯವಾಗಿ ಒಂದು ಅಧಿಕಾರ ಇದ್ದೇ ಇರುತ್ತದೆ. ಹಾಜರಿ ಹಾಕುವ ಅಧಿಕಾರ. ಮೇಸ್ತ್ರಿ ಮನಸ್ಸು ಮಾಡಿದರೆ ಇಡೀ ದಿನದ ಹಾಜರಿ ಅರ್ಧವಾಗುತ್ತದೆ. ತೋಟದ ಲೆಕ್ಕ ಬರೆಯುವ ರೈಟರ್ ಮನಸ್ಸು ಮಾಡಿದರೆ ವಾರದ ಬಟವಾಡೆಯಲ್ಲಿ ದುಡ್ಡು ಕಮ್ಮಿ ಬರುತ್ತದೆ. ಸೂಪರ್‌ವೈಸರ್ ಮನಸ್ಸು ಮಾಡಿದರೆ ಟಾರ್ಗೆಟ್ ಏರುತ್ತದೆ, ಓಟಿ ಸಿಗುವುದಿಲ್ಲ. ಹೆಣ್ಣುಮಕ್ಕಳು ಬಾಯಿ ಬಿಡದೆ ಇರುವುದಕ್ಕೆ ನಾಚಿಕೆ ಕಾರಣ ಅಂತ ಎಲ್ಲರೂ ಹೇಳುತ್ತಾರೆ. ನನ್ನ ಪ್ರಕಾರ ಅದಕ್ಕಿಂತ ದೊಡ್ಡ ಕಾರಣ ಕೂಲಿ ಹೋಗುವ ಭಯ.

ಇದನ್ನು ಮನಸ್ಸಿನಲ್ಲಿ ಇಟ್ಟುಕೊಂಡೇ ಈ ಮಾರ್ಗದರ್ಶಿ ಬರೆದಿದ್ದೇನೆ. ಮೊದಲ ಭಾಗ ದೂರು ಕೊಡಬೇಕಾದವರಿಗೆ. ಎರಡನೆಯದು ತೋಟದ ಮಾಲೀಕರಿಗೆ, ಮ್ಯಾನೇಜರ್‌ಗಳಿಗೆ, ಅಂಗಡಿ, ಆಸ್ಪತ್ರೆ, ಶಾಲೆ ನಡೆಸುವವರಿಗೆ.

ಕಾನೂನಿನ ಹಿನ್ನೆಲೆ ಎರಡು ಮಾತಲ್ಲಿ ಹೇಳುತ್ತೇನೆ. ರಾಜಸ್ಥಾನದ ಭಂವರಿ ದೇವಿ ಸರ್ಕಾರದ ಮಹಿಳಾ ಅಭಿವೃದ್ಧಿ ಕಾರ್ಯಕ್ರಮದಲ್ಲಿ ಕೆಲಸ ಮಾಡುತ್ತಿದ್ದ ಹೆಣ್ಣುಮಗಳು. ಬಾಲ್ಯವಿವಾಹ ತಡೆಯಲು ಹೋಗಿದ್ದಕ್ಕೆ 1992ರಲ್ಲಿ ಅವರ ಮೇಲೆ ಸಾಮೂಹಿಕ ಅತ್ಯಾಚಾರ ನಡೆಯಿತು. ಕೆಲಸದ ಕಾರಣಕ್ಕೆ ಹೆಣ್ಣಿಗೆ ಹೀಗಾದರೆ ಕೆಲಸ ಕೊಟ್ಟವರ ಹೊಣೆ ಏನೂ ಇಲ್ಲವೇ ಅನ್ನುವ ಪ್ರಶ್ನೆ ಅಲ್ಲಿಂದ ಎದ್ದಿತು. ಕಿರುಕುಳ ತಡೆಯುವುದು ಕೆಲಸ ಕೊಟ್ಟವರ ಹೊಣೆ ಅಂತ 1997ರಲ್ಲಿ ಸುಪ್ರೀಂ ಕೋರ್ಟ್ ವಿಶಾಖಾ ತೀರ್ಪು ಕೊಟ್ಟಿತು. 2013ರಲ್ಲಿ ಕೆಲಸದ ಜಾಗದಲ್ಲಿ ಹೆಣ್ಣುಮಕ್ಕಳ ಮೇಲಿನ ಲೈಂಗಿಕ ಕಿರುಕುಳ ತಡೆಯುವ ಕಾಯ್ದೆ ಬಂತು. ಆಫೀಸುಗಳಲ್ಲಿ ‘ಪಾಶ್’ ಅಂತ ಕರೆಯುವುದು ಇದನ್ನೇ. ಆ ವರ್ಷದ ಡಿಸೆಂಬರ್ 9ರಿಂದ ಇದು ಜಾರಿಯಲ್ಲಿದೆ.

ಹಂತ 1: ಆಗಿದ್ದು ಕಿರುಕುಳವೇ ಅಂತ ನೋಡಿಕೊಳ್ಳಿ

ಕಾನೂನು ಐದು ಬಗೆ ಹೇಳುತ್ತದೆ. ಮೈ ಮುಟ್ಟುವುದು ಅಥವಾ ಮೇಲೆ ಬೀಳಲು ನೋಡುವುದು. ‘ನನ್ನ ಜೊತೆ ಬಾ’ ಅಂತ ಲೈಂಗಿಕ ಸಹಕಾರ ಕೇಳುವುದು. ಅಶ್ಲೀಲ ಅರ್ಥದ ಮಾತು. ಅಶ್ಲೀಲ ಚಿತ್ರ, ವಿಡಿಯೊ ತೋರಿಸುವುದು. ಇವುಗಳಲ್ಲಿ ಬರದ, ಲೈಂಗಿಕ ಸ್ವಭಾವದ ಇನ್ಯಾವುದೇ ಬೇಡದ ನಡತೆ. ಕೊನೆಯದರಲ್ಲಿ ಸನ್ನೆ ಬರುತ್ತದೆ, ರಾತ್ರಿ ಹತ್ತು ಗಂಟೆ ಮೇಲೆ ಬರುವ ವಾಟ್ಸಾಪ್ ಮೆಸೇಜೂ ಬರುತ್ತದೆ.

ಇಲ್ಲೆಲ್ಲ ಮುಖ್ಯವಾದದ್ದು ‘ಬೇಡದ’ ಅನ್ನುವುದು. ‘ತಮಾಷೆಗೆ ಅಂದೆ ಕಣಮ್ಮ’ ಅನ್ನುವುದು ಉತ್ತರವಲ್ಲ. ಮುಟ್ಟಲೇ ಇಲ್ಲವಲ್ಲ ಅನ್ನುವುದೂ ಉತ್ತರವಲ್ಲ. ಮೈ ಮುಟ್ಟದಿದ್ದರೂ ಕಿರುಕುಳ ಕಿರುಕುಳವೇ ಅಂತ ಸುಪ್ರೀಂ ಕೋರ್ಟ್ 1999ರಲ್ಲೇ ಹೇಳಿದೆ.

ಒಪ್ಪದೆ ಇದ್ದಾಗ ಆಗುವುದನ್ನೂ ಕಾನೂನು ನೋಡುತ್ತದೆ. ‘ಹೇಳಿದ ಹಾಗೆ ಕೇಳಿದರೆ ಕಣದ ಕೆಲಸಕ್ಕೆ ಹಾಕ್ತೀನಿ’ ಅನ್ನುವ ಆಸೆ, ‘ಇಲ್ಲಾಂದ್ರೆ ನಾಳೆಯಿಂದ ಬರಬೇಡ’ ಅನ್ನುವ ಬೆದರಿಕೆ, ಕೆಲಸ ಮಾಡಲು ಆಗದ ಹಾಗೆ ವಾತಾವರಣ ಕೆಡಿಸುವುದು, ಎಲ್ಲರ ಮುಂದೆ ಅವಮಾನ ಮಾಡುವುದು, ಎಲ್ಲ ಲೆಕ್ಕಕ್ಕೆ ಬರುತ್ತವೆ. ಸೂಪರ್‌ವೈಸರ್ ಪೀಸ್ ಕಮ್ಮಿಯಾಯಿತು ಅಂತ ಬೈದರೆ ಅದು ಲೈಂಗಿಕ ಕಿರುಕುಳವಲ್ಲ. ಅವನ ಜೊತೆ ಬೈಕಲ್ಲಿ ಹೋಗಲು ಒಪ್ಪದ ಮರುದಿನದಿಂದ ನಿಮ್ಮೊಬ್ಬರ ಟಾರ್ಗೆಟ್ ಮಾತ್ರ ಜಾಸ್ತಿಯಾದರೆ ಆಗ ಲೆಕ್ಕ ಬೇರೆ.

ತಾರತಮ್ಯದ ದಾರಿ ಬೇರೆ, ಇದನ್ನು ಬೆರೆಸಬೇಡಿ. ಒಂದೇ ಕೆಲಸಕ್ಕೆ ಗಂಡಾಳಿಗೊಂದು ಕೂಲಿ ಹೆಣ್ಣಾಳಿಗೊಂದು ಕೂಲಿ ಕೊಡಬಾರದು ಅನ್ನುವುದು 1976ರಿಂದ ಕಾನೂನಿನಲ್ಲಿದೆ. ಬಸುರಿ ಅಂತ ಕೆಲಸ ಬಿಡಿಸುವುದು ತಪ್ಪು. ಇವಕ್ಕೆ ಕಾರ್ಮಿಕ ಇಲಾಖೆಗೆ ಹೋಗಬೇಕು. ಆದರೆ ಕಿರುಕುಳಕ್ಕೆ ಒಳಗಾದವರು ಪರಿಶಿಷ್ಟ ಜಾತಿ ಅಥವಾ ಪಂಗಡದವರಾಗಿದ್ದು, ಕೊಟ್ಟವನು ಬೇರೆಯವನಾಗಿದ್ದರೆ 1989ರ ದೌರ್ಜನ್ಯ ತಡೆ ಕಾಯ್ದೆಯೂ ಸೇರುತ್ತದೆ. ಮಲೆನಾಡಿನ ತೋಟಗಳಲ್ಲಿ ಕೆಲಸ ಮಾಡುವವರು ಯಾರು, ಮಾಡಿಸುವವರು ಯಾರು ಅಂತ ನೋಡಿದರೆ ಇದು ಸಣ್ಣ ವಿಷಯ ಅಲ್ಲ ಅಲ್ವಾ? ಪೊಲೀಸರ ಮುಂದೆ ಜಾತಿಯ ವಿಷಯ ಹೇಳಲು ಹಿಂಜರಿಯಬೇಡಿ.

ಹಂತ 2: ನಿಮ್ಮದು ‘ಕೆಲಸದ ಜಾಗ’ವೇ?

ಬಹುಶಃ ಹೌದು. ಕಾರ್ಖಾನೆ, ಆಫೀಸು, ಆಸ್ಪತ್ರೆ, ಶಾಲೆ ಅಷ್ಟೇ ಅಲ್ಲ. ಅಸಂಘಟಿತ ವಲಯದ ಕೆಲಸ, ಮನೆಗೆಲಸ ಮಾಡುವ ಮನೆ, ಕೆಲಸದ ಸಲುವಾಗಿ ಹೋಗುವ ಯಾವುದೇ ಜಾಗ, ಮಾಲೀಕರು ಕೊಟ್ಟ ವಾಹನ, ಎಲ್ಲವೂ ಸೇರಿವೆ. ಬೆಳಿಗ್ಗೆ ಆಳುಗಳನ್ನು ತುಂಬಿಕೊಂಡು ಬರುವ ಪಿಕಪ್ ಜೀಪು ಕೆಲಸದ ಜಾಗವೇ. ಆಳುಗಳು ಉಳಿಯುವ ಲೈನ್ ಮನೆ ತೋಟದ ಒಳಗಿದ್ದು ತೋಟದವರೇ ಕೊಟ್ಟಿರುವಾಗ ಅದು ಹೊರಗಿನದು ಅಂತ ವಾದಿಸುವುದು ಕಷ್ಟ.

ಕೆಲಸಗಾರ್ತಿ ಯಾರು ಅನ್ನುವುದೂ ಹಾಗೆಯೇ ಅಗಲವಾಗಿದೆ. ಕಾಯಂ, ದಿನಗೂಲಿ, ಹಣ್ಣು ಕುಯ್ಯಲು ಮಾತ್ರ ಬಂದವರು, ಗುತ್ತಿಗೆದಾರ ಕರೆತಂದವರು, ಟ್ರೇನಿ, ಸಂಬಳವಿಲ್ಲದೆ ಕೆಲಸ ಕಲಿಯುವವರು, ಎಲ್ಲರೂ ಸೇರುತ್ತಾರೆ. ಗುತ್ತಿಗೆದಾರ ಯಾರನ್ನು ಕರೆತಂದಿದ್ದಾನೆ ಅನ್ನುವುದು ಮಾಲೀಕರಿಗೆ ಗೊತ್ತೇ ಇಲ್ಲದಿದ್ದರೂ ಕಾನೂನಿನ ಕಣ್ಣಲ್ಲಿ ಆಕೆ ಅಲ್ಲಿನ ಕೆಲಸಗಾರ್ತಿಯೇ. ಅಸ್ಸಾಂನಿಂದ ಬಂದು ತೋಟದಲ್ಲಿ ದುಡಿಯುವ ಹೆಣ್ಣುಮಕ್ಕಳ ವಿಷಯದಲ್ಲಿ ಈ ಮಾತು ತುಂಬಾ ಮುಖ್ಯ. ‘ಅವರು ಕಂಟ್ರಾಕ್ಟರ್ ಜನ, ನಮಗೆ ಸಂಬಂಧ ಇಲ್ಲ’ ಅನ್ನುವ ಮಾತು ನಡೆಯುವುದಿಲ್ಲ.

ಈ ಕಾಯ್ದೆ ಹೆಣ್ಣುಮಕ್ಕಳಿಗೆ ಮಾತ್ರ. ಗಂಡಸರಿಗೆ ಕಿರುಕುಳವಾದರೆ ಸಂಸ್ಥೆಯ ಸ್ವಂತ ನಿಯಮ, ಇಲ್ಲವೇ ಪೊಲೀಸ್ ದಾರಿ ಹಿಡಿಯಬೇಕು.

ಹಂತ 3: ಬರೆದಿಡಿ, ಇವತ್ತೇ

ದೂರು ಕೊಡುತ್ತೀರೋ ಇಲ್ಲವೋ ಆಮೇಲೆ ನೋಡಿದರಾಯಿತು. ಮೊದಲು ಬರೆಯಿರಿ. ನೂರು ಪುಟದ ನೋಟ್‌ಬುಕ್ ಸಾಕು. ತಾರೀಕು, ಹೊತ್ತು, ಜಾಗ, ಅವನು ಏನು ಮಾಡಿದ, ಏನಂದ, ನೀವು ಏನಂದಿರಿ, ಹತ್ತಿರದಲ್ಲಿ ಯಾರಿದ್ದರು. ಅವನಾಡಿದ ಮಾತನ್ನು ಅವನ ಬಾಯಲ್ಲಿ ಬಂದ ಹಾಗೇ ಬರೆಯಿರಿ. ‘ಅಸಭ್ಯವಾಗಿ ಮಾತಾಡಿದರು’ ಅಂತ ಬರೆದರೆ ಸಮಿತಿಗೆ ಏನೂ ತಿಳಿಯುವುದಿಲ್ಲ. ಕೆಟ್ಟ ಮಾತು ಕಾಗದದ ಮೇಲೆ ಬರೆಯಲು ಕೈ ಬರುವುದಿಲ್ಲ, ನಿಜ. ಆದರೂ ಬರೆಯಿರಿ.

ಅದೇ ದಿನ ಒಬ್ಬರಿಗಾದರೂ ಹೇಳಿ. ಅಕ್ಕನಿಗೆ, ಜೊತೆಯಲ್ಲಿ ಕುಯ್ಯುವವಳಿಗೆ, ಗಂಡನಿಗೆ, ಯಾರಿಗಾದರೂ ಸರಿ. ನೋಡಿದವರು ಯಾರೂ ಇಲ್ಲದಿದ್ದರೆ ‘ಅವತ್ತು ಸಂಜೆ ಇವಳು ಅಳುತ್ತಾ ನನಗೆ ಹೇಳಿದಳು’ ಅನ್ನುವವರೇ ಮುಂದೆ ಸಾಕ್ಷಿಯಾಗುತ್ತಾರೆ. ಇಂಥದ್ದು ನಾಲ್ಕು ಜನರ ಮುಂದೆ ನಡೆಯುವುದು ಕಮ್ಮಿ ಅನ್ನುವುದು ಸಮಿತಿಗೂ ಗೊತ್ತಿರುತ್ತದೆ. ನೋಡಿದವರಿಲ್ಲ ಅಂತ ಸುಮ್ಮನಾಗಬೇಡಿ.

ಮೆಸೇಜ್ ಬಂದರೆ ಅಳಿಸಬೇಡಿ. ನಂಬರು, ತಾರೀಕು ಎರಡೂ ಕಾಣುವ ಹಾಗೆ ಸ್ಕ್ರೀನ್‌ಶಾಟ್ ತೆಗೆದು ನಂಬಿಕೆಯವರ ಫೋನಿಗೂ ಕಳಿಸಿಡಿ. ಮೂಲ ಮೆಸೇಜ್ ಇರುವ ಫೋನು ಜೋಪಾನ. ಮೈಮೇಲೆ ಗಾಯವಾಗಿದ್ದರೆ ಸರ್ಕಾರಿ ಆಸ್ಪತ್ರೆಗೆ ಹೋಗಿ ತೋರಿಸಿ, ಚೀಟಿ ಇಟ್ಟುಕೊಳ್ಳಿ. ಹಲ್ಲೆ ಅಥವಾ ಅದಕ್ಕಿಂತ ದೊಡ್ಡದು ನಡೆದಿದ್ದರೆ ಉಟ್ಟ ಬಟ್ಟೆ ಒಗೆಯಬೇಡಿ. ಹಾಸನದ ಮಾಜಿ ಸಂಸದರೊಬ್ಬರಿಗೆ ಮನೆಗೆಲಸದಾಕೆಯ ಮೇಲಿನ ಅತ್ಯಾಚಾರ ಪ್ರಕರಣದಲ್ಲಿ ಬೆಂಗಳೂರಿನ ವಿಶೇಷ ನ್ಯಾಯಾಲಯ 2025ರ ಆಗಸ್ಟ್‌ನಲ್ಲಿ ಜೀವಾವಧಿ ಶಿಕ್ಷೆ ಕೊಟ್ಟಾಗ ಒಂದು ಸೀರೆ ಮುಖ್ಯ ಸಾಕ್ಷಿಯಾಗಿತ್ತು.

ಇನ್ನೊಂದು ಸಾಕ್ಷಿಯನ್ನು ಹೆಚ್ಚಿನವರು ಮರೆಯುತ್ತಾರೆ. ಹಾಜರಿ ಮತ್ತು ಬಟವಾಡೆಯ ಲೆಕ್ಕ. ಅವನನ್ನು ದೂರ ಇಟ್ಟ ಮೇಲೆ ನಿಮ್ಮ ಹಾಜರಿ ಕಮ್ಮಿಯಾಗಿದ್ದರೆ, ಓಟಿ ನಿಂತಿದ್ದರೆ, ಒಬ್ಬರನ್ನೇ ತೋಟದ ಆಚೆ ಮೂಲೆಗೆ ಕಳಿಸುತ್ತಿದ್ದರೆ, ಮೊದಲಿನ ವಾರಗಳಿಗೂ ಈಗಿನ ವಾರಗಳಿಗೂ ಇರುವ ವ್ಯತ್ಯಾಸವೇ ಮಾತಾಡುತ್ತದೆ. ಹಾಜರಿ ಪುಸ್ತಕದ ಫೋಟೋ ತೆಗೆಯಲು ಬಿಡುವುದಿಲ್ಲ ಅಂದರೆ ದಿನಾ ಸಂಜೆ ನಿಮ್ಮ ಪುಸ್ತಕದಲ್ಲಿ ನೀವೇ ಬರೆದುಕೊಳ್ಳಿ: ಎಷ್ಟು ಗಂಟೆಗೆ ಬಂದೆ, ಎಲ್ಲಿ ಕೆಲಸ, ಎಷ್ಟು ಕೆಜಿ ಹಣ್ಣು ತೂಗಿತು, ಎಷ್ಟು ಬರೆದುಕೊಂಡರು. ಮೂಲ ಪುಸ್ತಕ ತರಿಸುವ ಅಧಿಕಾರ ಸಮಿತಿಗೆ ಇದೆ. ಸಾಕ್ಷಿಗಳನ್ನು ಕರೆಸಲು, ದಾಖಲೆ ತರಿಸಲು ಅದಕ್ಕೆ ಸಿವಿಲ್ ಕೋರ್ಟಿಗೆ ಇರುವಂಥ ಅಧಿಕಾರವಿದೆ.

ಹಂತ 4: ಯಾರಿಗೆ ಕೊಡಬೇಕು?

ತಲೆ ಎಣಿಸಿ. ಹತ್ತು ಅಥವಾ ಅದಕ್ಕಿಂತ ಜಾಸ್ತಿ ಜನ ಕೆಲಸ ಮಾಡುವ ಕಡೆ ಮಾಲೀಕರು ‘ಆಂತರಿಕ ಸಮಿತಿ’ ಮಾಡಲೇಬೇಕು. ಎಣಿಸುವಾಗ ಗಂಡಾಳು, ಹೆಣ್ಣಾಳು, ದಿನಗೂಲಿ, ಗುತ್ತಿಗೆ ಎಲ್ಲ ಸೇರಿಸಿ. ಕಾಯಂ ಆಗಿ ಆರೇ ಜನ ಇದ್ದು ಡಿಸೆಂಬರ್, ಜನವರಿಯಲ್ಲಿ ಹಣ್ಣು ಕುಯ್ಯಲು ನಲವತ್ತು ಜನ ಬರುವ ತೋಟ ‘ನಮ್ಮದು ಸಣ್ಣ ತೋಟ’ ಅನ್ನುವ ಹಾಗಿಲ್ಲ.

ಹತ್ತಕ್ಕಿಂತ ಕಮ್ಮಿ ಜನ ಇದ್ದರೆ, ಅಥವಾ ಕಿರುಕುಳ ಕೊಟ್ಟವನು ಮಾಲೀಕನೇ ಆಗಿದ್ದರೆ, ಜಿಲ್ಲಾ ಮಟ್ಟದ ‘ಸ್ಥಳೀಯ ಸಮಿತಿ’ಗೆ ಕೊಡಬೇಕು. ಬೇಕರಿ, ಬಟ್ಟೆ ಅಂಗಡಿ, ಕ್ಲಿನಿಕ್, ಸಣ್ಣ ಹೋಂಸ್ಟೇ, ವಕೀಲರ ಆಫೀಸು, ಮನೆಗೆಲಸ ಎಲ್ಲಕ್ಕೂ ಇದೇ ದಾರಿ. ತಾಲ್ಲೂಕಿನಲ್ಲಿ ದೂರು ತೆಗೆದುಕೊಳ್ಳಲು ಒಬ್ಬ ನೋಡಲ್ ಅಧಿಕಾರಿ ಇರಬೇಕು. ಅವರು ಏಳು ದಿನದಲ್ಲಿ ಅದನ್ನು ಸಮಿತಿಗೆ ತಲುಪಿಸಬೇಕು. ಶೃಂಗೇರಿ, ಕಳಸದಿಂದ ಚಿಕ್ಕಮಗಳೂರಿಗೆ ಬಂದು ಹೋಗಲು ಒಂದು ದಿನದ ಕೂಲಿಯೇ ಹೋಗುತ್ತದೆ. ಹಾಗಾಗಿ ಈ ಏರ್ಪಾಡು ಗೊತ್ತಿರಲಿ. ಜಿಲ್ಲೆಯಲ್ಲಿ ಈ ಕಾಯ್ದೆಯ ಕೆಲಸ ನೋಡಿಕೊಳ್ಳುವ ‘ಜಿಲ್ಲಾ ಅಧಿಕಾರಿ’, ಸಮಿತಿ, ನೋಡಲ್ ಅಧಿಕಾರಿ ಎಲ್ಲ ನೇಮಕವಾಗಲೇಬೇಕು ಅಂತ ಸುಪ್ರೀಂ ಕೋರ್ಟ್ 2024ರ ಡಿಸೆಂಬರ್‌ನಲ್ಲಿ ಗಡುವು ಹಾಕಿ ಹೇಳಿದೆ. ಯಾರು, ಎಲ್ಲಿ ಅಂತ ತಿಳಿಯದಿದ್ದರೆ ಜಿಲ್ಲೆಯ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಕಚೇರಿಯಲ್ಲಿ ಕೇಳಿ. ‘ಇಲ್ಲಿ ಅಂಥದ್ದೇನೂ ಇಲ್ಲಮ್ಮ’ ಅಂದರೆ ದೂರನ್ನು ಜಿಲ್ಲಾಧಿಕಾರಿಗಳ ಕಚೇರಿಯ ಟಪಾಲಿಗೆ ಕೊಟ್ಟು ಸೀಲ್ ಹಾಕಿಸಿಕೊಳ್ಳಿ.

ಫೋನಲ್ಲೇ ಕೊಡಬೇಕೆಂದರೆ ಕೇಂದ್ರ ಸರ್ಕಾರದ ‘ಶೀ-ಬಾಕ್ಸ್’ ಪೋರ್ಟಲ್ ಇದೆ. ಕಿರುಕುಳ ಕೊಟ್ಟವನು ನಿಮ್ಮ ಸಂಸ್ಥೆಯವನಲ್ಲ, ಬೇರೆ ಕಡೆಯವನು ಅನ್ನುವ ಸಂದರ್ಭವೂ ಇರುತ್ತದೆ. ಆಗಲೂ ನಿಮ್ಮ ಕಡೆಯ ಸಮಿತಿಗೇ ದೂರು ಕೊಡಬಹುದು ಅಂತ ಸುಪ್ರೀಂ ಕೋರ್ಟ್ ಹೇಳಿದೆ.

ಹಂತ 5: ದೂರು ಬರೆಯುವುದು

ಘಟನೆ ನಡೆದು ಮೂರು ತಿಂಗಳ ಒಳಗೆ ಕೊಡಬೇಕು. ಪದೇ ಪದೇ ನಡೆದಿದ್ದರೆ ಕೊನೆಯ ಸಲ ನಡೆದ ದಿನದಿಂದ ಎಣಿಸಿ. ತಡವಾಗಿದ್ದಕ್ಕೆ ಸರಿಯಾದ ಕಾರಣ ಇದ್ದರೆ ಸಮಿತಿ ಇನ್ನೂ ಮೂರು ತಿಂಗಳು ಕೊಡಬಹುದು. ‘ಕೆಲಸ ಹೋಗುತ್ತೆ ಅಂತ ಹೆದರಿದ್ದೆ’ ಅನ್ನುವುದನ್ನೂ ದೂರಿನಲ್ಲಿ ಬರೆಯಿರಿ.

ವಕೀಲರ ಭಾಷೆ ಬೇಡ. ಹೀಗಿದ್ದರೆ ಸಾಕು:

“ಅಧ್ಯಕ್ಷರು, ಆಂತರಿಕ ಸಮಿತಿ ಇವರಿಗೆ. ಮೇಡಂ, ನಾನು ಈ ಕಾರ್ಖಾನೆಯ ಹೊಲಿಗೆ ವಿಭಾಗದಲ್ಲಿ ಎರಡು ವರ್ಷದಿಂದ ಹೆಲ್ಪರ್ ಆಗಿದ್ದೇನೆ. ನಮ್ಮ ಲೈನಿನ ಸೂಪರ್‌ವೈಸರ್ (ಹೆಸರು) ಜನವರಿ 8ರಂದು ಮಧ್ಯಾಹ್ನ ಊಟದ ಬೆಲ್ ಆದ ಮೇಲೆ ಬಟ್ಟೆ ಬಂಡಲ್ ಇಡುವ ರೂಮಿಗೆ ನನ್ನನ್ನು ಕರೆದರು. ‘ಲೆಕ್ಕ ನೋಡಬೇಕು’ ಅಂದರು. ಒಳಗೆ ಹೋದಾಗ ಹಿಂದಿನಿಂದ ಸೊಂಟಕ್ಕೆ ಕೈ ಹಾಕಿದರು. ನಾನು ಕೈ ತಳ್ಳಿ ಹೊರಗೆ ಬಂದೆ. ‘ಇದನ್ನ ಎಲ್ಲಾದರೂ ಹೇಳಿದರೆ ನಿನ್ನ ಕಾರ್ಡ್ ಪಂಚ್ ಆಗಲ್ಲ’ ಅಂದರು. ಪಕ್ಕದ ಮೆಷಿನ್‌ನ (ಹೆಸರು) ನಾನು ಅಳುತ್ತಾ ಬಂದಿದ್ದನ್ನು ನೋಡಿದ್ದಾರೆ. ಜನವರಿ 9ರಿಂದ ನನಗೆ ಓಟಿ ಕೊಟ್ಟಿಲ್ಲ. ಹಿಂದಿನ ತಿಂಗಳ ಮತ್ತು ಈ ತಿಂಗಳ ಪೇ ಸ್ಲಿಪ್ ಇಟ್ಟಿದ್ದೇನೆ. ವಿಚಾರಣೆ ಮುಗಿಯುವವರೆಗೆ ಅವರನ್ನು ನಮ್ಮ ಲೈನಿನಿಂದ ಬೇರೆ ಕಡೆ ಹಾಕಬೇಕೆಂದು ಕೇಳಿಕೊಳ್ಳುತ್ತೇನೆ.”

ಕೆಳಗೆ ಹೆಸರು, ಸಹಿ ಅಥವಾ ಹೆಬ್ಬೆಟ್ಟು, ತಾರೀಕು. ಜೊತೆಗೆ ಸಾಕ್ಷಿಗಳ ಹೆಸರು, ವಿಳಾಸ. ನಿಯಮದ ಪ್ರಕಾರ ಆರು ಪ್ರತಿ ಕೊಡಬೇಕು. ಏಳನೆಯದನ್ನು ನೀವು ಇಟ್ಟುಕೊಂಡು ಅದರ ಮೇಲೆ ‘ಸ್ವೀಕರಿಸಿದೆ’ ಅಂತ ಸಹಿ, ತಾರೀಕು ಹಾಕಿಸಿಕೊಳ್ಳಿ. ಸಹಿ ಹಾಕಲು ಒಪ್ಪದಿದ್ದರೆ ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಇಟ್ಟುಕೊಳ್ಳಿ. ಬಾಯಿ ಮಾತಿನ ದೂರಿಗೆ ಹುಟ್ಟೂ ಇಲ್ಲ, ತಾರೀಕೂ ಇಲ್ಲ. ಆಮೇಲೆ ‘ನನಗೆ ಹೇಳಿಯೇ ಇಲ್ಲ’ ಅನ್ನುತ್ತಾರೆ.

ಬರೆಯಲು ಬಾರದಿದ್ದರೆ ಬರೆದುಕೊಳ್ಳಲು ನೆರವಾಗುವುದು ಸಮಿತಿಯ ಕೆಲಸ, ಉಪಕಾರವಲ್ಲ. ನಿಮ್ಮ ಆರೋಗ್ಯ ಸರಿಯಿಲ್ಲದಿದ್ದರೆ ಸಂಬಂಧಿಕರು, ಗೆಳತಿ, ಜೊತೆ ಕೆಲಸದವರು ನಿಮ್ಮ ಪರವಾಗಿ ಕೊಡಬಹುದು.

ಹಂತ 6: ಕೊಟ್ಟ ಮೇಲೆ ಏನಾಗುತ್ತದೆ?

ಏಳು ಕೆಲಸದ ದಿನದಲ್ಲಿ ದೂರಿನ ಪ್ರತಿ ಅವನಿಗೆ ಹೋಗುತ್ತದೆ. ಅವನು ಹತ್ತು ಕೆಲಸದ ದಿನದಲ್ಲಿ ಉತ್ತರ ಕೊಡಬೇಕು. ವಿಚಾರಣೆ 90 ದಿನದಲ್ಲಿ ಮುಗಿಯಬೇಕು. ಮುಗಿದ ಹತ್ತು ದಿನದಲ್ಲಿ ವರದಿ, ಅದರ ಒಂದು ಪ್ರತಿ ನಿಮಗೂ ಬರಬೇಕು. ವರದಿ ಬಂದ 60 ದಿನದಲ್ಲಿ ಮಾಲೀಕರು ಕ್ರಮ ತೆಗೆದುಕೊಳ್ಳಬೇಕು. ಒಪ್ಪಿಗೆಯಾಗದಿದ್ದರೆ 90 ದಿನದಲ್ಲಿ ಮೇಲ್ಮನವಿ. ಈ ತಾರೀಕುಗಳನ್ನು ಮನೆಯ ಕ್ಯಾಲೆಂಡರ್ ಮೇಲೆ ಗುರುತು ಹಾಕಿಕೊಳ್ಳಿ.

ವಿಚಾರಣೆಯಲ್ಲಿ ಎರಡೂ ಕಡೆ ವಕೀಲರು ಬರುವ ಹಾಗಿಲ್ಲ. ಹೆದರಬೇಡಿ, ಇದು ಕೋರ್ಟಲ್ಲ. ಅಧ್ಯಕ್ಷೆ ಸೇರಿ ಕಮ್ಮಿ ಅಂದರೂ ಮೂರು ಜನ ಸದಸ್ಯರು ಕೂತಿರಬೇಕು. ಇಬ್ಬರೇ ಕೂತು ‘ಹೇಳಮ್ಮ’ ಅಂದರೆ ಅದನ್ನೂ ಬರೆದಿಡಿ. ನಿಮ್ಮ ಹೇಳಿಕೆಗೆ ಸಹಿ ಹಾಕುವ ಮೊದಲು ಓದಿಸಿ ಕೇಳಿ.

ನಡುವೆ ನಿಮಗೆ ರಕ್ಷಣೆ ಬೇಕಾದರೆ ಬರೆದು ಕೇಳಬೇಕು. ನಿಮ್ಮನ್ನೋ ಅವನನ್ನೋ ಬೇರೆ ಕಡೆ ಹಾಕಬಹುದು, ನಿಮಗೆ ಮೂರು ತಿಂಗಳವರೆಗೆ ಹೆಚ್ಚುವರಿ ರಜೆ ಕೊಡಬಹುದು, ನಿಮ್ಮ ಕೆಲಸದ ಬಗ್ಗೆ ಅವನು ವರದಿ ಬರೆಯದ ಹಾಗೆ ಮಾಡಬಹುದು. ‘ಅವನನ್ನು ಕಳಿಸಿ’ ಅಂತ ಸ್ಪಷ್ಟವಾಗಿ ಬರೆಯಿರಿ. ಬರೆಯದಿದ್ದರೆ ಸಾಮಾನ್ಯವಾಗಿ ಜಾಗ ಬದಲಾಗುವುದು ಹೆಣ್ಣುಮಗಳದ್ದೇ.

ರಾಜಿ ಪಂಚಾಯ್ತಿ ವಿಷಯ ಬಿಡಿಸಿ ಹೇಳಬೇಕು. ನಮ್ಮ ಕಡೆ ಇಂಥದ್ದಾದರೆ ಮೊದಲು ಸೇರುವುದು ಊರಿನ ನಾಲ್ಕು ಹಿರಿಯರು, ಸಾಹುಕಾರರ ಮನೆ ಜಗಲಿಯಲ್ಲಿ. ‘ಏನೋ ಆಗಿಹೋಯ್ತು, ಇಷ್ಟು ಇಸ್ಕೊಂಡು ಸುಮ್ನಿರು, ನಿನ್ನ ಮಗಳ ಮದುವೆ ಆಗಬೇಕಲ್ಲ.’ ಕಾನೂನಿನಲ್ಲಿ ರಾಜಿ ಇದೆ. ಆದರೆ ವಿಚಾರಣೆ ಶುರುವಾಗುವ ಮೊದಲು ನೀವಾಗಿ ಕೇಳಿದರೆ ಮಾತ್ರ. ದುಡ್ಡಿನ ಮೇಲೆ ರಾಜಿ ಮಾಡುವ ಹಾಗೇ ಇಲ್ಲ. ಜಗಲಿಯ ಪಂಚಾಯ್ತಿಯಲ್ಲಿ ಬರೆಸಿಕೊಂಡ ಮುಚ್ಚಳಿಕೆ ನಿಮ್ಮ ಬಾಯಿ ಕಟ್ಟುವುದಿಲ್ಲ.

ಅವನ ತಪ್ಪು ಸಾಬೀತಾದರೆ ಪರಿಹಾರದ ದುಡ್ಡನ್ನು ಅವನ ಸಂಬಳದಿಂದ ಹಿಡಿದು ನಿಮಗೆ ಕೊಡಿಸಬಹುದು. ಕೊಡದಿದ್ದರೆ ಭೂಕಂದಾಯದ ಬಾಕಿ ವಸೂಲಿ ಮಾಡುವ ಹಾಗೆ ವಸೂಲಿಗೆ ಅವಕಾಶ ಇದೆ. ಸಾಬೀತಾಗದಿದ್ದರೆ? ‘ಸುಳ್ಳು ದೂರು ಅಂತ ನಿನ್ನ ಮೇಲೇ ಕೇಸಾಗುತ್ತೆ’ ಅಂತ ಹೆದರಿಸುವವರು ಬೇಕಾದಷ್ಟು ಜನ. ಸಾಕ್ಷಿ ಸಾಲದೆ ಹೋದರೆ ಅದು ಸುಳ್ಳು ದೂರಾಗುವುದಿಲ್ಲ ಅಂತ ಕಾಯ್ದೆಯಲ್ಲೇ ಬರೆದಿದೆ. ಬೇಕಂತಲೇ ಕೆಡುಕು ಮಾಡಲು ದೂರು ಕೊಟ್ಟಿದ್ದಾರೆ ಅಂತ ವಿಚಾರಣೆಯಲ್ಲಿ ತೋರಿಸಿದರೆ ಮಾತ್ರ ಕ್ರಮ.

ಒಂದು ಎಚ್ಚರಿಕೆ. ದೂರಿನ ವಿವರ, ಇಬ್ಬರ ಹೆಸರು, ಸಾಕ್ಷಿಗಳ ಹೆಸರು ಗುಟ್ಟಾಗಿರಬೇಕು. ವಾಟ್ಸಾಪ್ ಗ್ರೂಪಿಗೆ ನೀವೂ ಹಾಕಬೇಡಿ, ಬೇರೆಯವರು ಹಾಕಿದರೆ ಸಮಿತಿಗೆ ತಿಳಿಸಿ.

ಹಂತ 7: ಪೊಲೀಸ್ ದಾರಿ

ಸಮಿತಿಗೆ ಕೊಟ್ಟರೆ ಪೊಲೀಸರಿಗೆ ಕೊಡಬಾರದು ಅಂತೇನಿಲ್ಲ. ಎರಡೂ ಒಟ್ಟಿಗೆ ನಡೆಯಬಹುದು. ಭಾರತೀಯ ನ್ಯಾಯ ಸಂಹಿತೆಯ 75ನೇ ಕಲಂ ಲೈಂಗಿಕ ಕಿರುಕುಳಕ್ಕೇ ಇದೆ. ಮುಟ್ಟುವುದು, ಸಹಕಾರ ಕೇಳುವುದು, ಅಶ್ಲೀಲ ಚಿತ್ರ ತೋರಿಸುವುದಕ್ಕೆ ಮೂರು ವರ್ಷದವರೆಗೆ, ಅಶ್ಲೀಲ ಮಾತಿಗೆ ಒಂದು ವರ್ಷದವರೆಗೆ ಜೈಲು. ಬಲಪ್ರಯೋಗ, ಹಿಂಬಾಲಿಸುವುದು, ಸ್ನಾನದ ಮನೆಯಲ್ಲಿ ಕದ್ದು ವಿಡಿಯೊ ಮಾಡುವುದಕ್ಕೆ ಬೇರೆ ಕಲಂಗಳಿವೆ. ‘ಇದು ನಮ್ಮ ಲಿಮಿಟ್ ಅಲ್ಲ’ ಅಂತ ಠಾಣೆಯವರು ವಾಪಸ್ ಕಳಿಸುವ ಹಾಗಿಲ್ಲ. ಯಾವ ಠಾಣೆಯಾದರೂ ದೂರು ತೆಗೆದುಕೊಂಡು ಸಂಬಂಧಪಟ್ಟ ಕಡೆ ಕಳಿಸಬೇಕು.

ಕೆಲಸಕ್ಕೆ ಬಂದ ಹುಡುಗಿಗೆ ಹದಿನೆಂಟು ತುಂಬಿಲ್ಲದಿದ್ದರೆ ಸಮಿತಿಗಾಗಿ ಕಾಯಬೇಡಿ. ಅದು ಪೋಕ್ಸೊ, ಅಂದರೆ ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ಕಾಪಾಡುವ ಕಾಯ್ದೆಗೆ ಬರುತ್ತದೆ. ಗೊತ್ತಿದ್ದೂ ಪೊಲೀಸರಿಗೆ ತಿಳಿಸದಿರುವುದೇ ಅಪರಾಧ.

ತುರ್ತಿಗೆ 112, ಮಹಿಳಾ ಸಹಾಯವಾಣಿ 181, ಮಕ್ಕಳಿಗೆ 1098. ಉಚಿತ ವಕೀಲರು ಬೇಕಾದರೆ 15100ಕ್ಕೆ ಕರೆ ಮಾಡಿ, ಇಲ್ಲವೇ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಿ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ ಅಲ್ಲಿ ಕಾನೂನು ನೆರವು ಉಚಿತ.

ಇನ್ನು ಮಾಲೀಕರಿಗೆ

ನಿಮ್ಮ ಹೊಣೆ ದೂರು ಬಂದ ದಿನ ಶುರುವಾಗುವುದಲ್ಲ. ಸಮಿತಿ ಮಾಡದೆ ಇದ್ದರೆ ಅದೊಂದಕ್ಕೇ 50,000 ರೂಪಾಯಿವರೆಗೆ ದಂಡ. ಎರಡನೇ ಸಲ ಆದರೆ ದಂಡ ಎರಡರಷ್ಟು, ಲೈಸೆನ್ಸಿಗೂ ಕುತ್ತು.

ಮೊದಲ ಕೆಲಸ ಸಮಿತಿ. ಲಿಖಿತ ಆದೇಶ ಮಾಡಿ. ಅಧ್ಯಕ್ಷೆ ಹಿರಿಯ ಹುದ್ದೆಯ ಹೆಣ್ಣುಮಗಳೇ ಆಗಿರಬೇಕು. ಕೆಲಸಗಾರರಿಂದ ಕಮ್ಮಿ ಅಂದರೂ ಇಬ್ಬರು, ಹೊರಗಿನಿಂದ ಒಬ್ಬರು. ಒಟ್ಟು ಸದಸ್ಯರಲ್ಲಿ ಅರ್ಧದಷ್ಟಾದರೂ ಹೆಣ್ಣುಮಕ್ಕಳು. ಅವಧಿ ಮೂರು ವರ್ಷ ಮೀರಬಾರದು. ‘ನಮ್ಮ ತೋಟದಲ್ಲಿ ಹಿರಿಯ ಹುದ್ದೆಯಲ್ಲಿ ಹೆಂಗಸರೇ ಇಲ್ಲವಲ್ಲ’ ಅನ್ನುವ ಮಾತು ಇಲ್ಲಿ ಸಾಮಾನ್ಯ. ನಿಮ್ಮದೇ ಬೇರೆ ಘಟಕದಿಂದ ಅಥವಾ ಇನ್ನೊಂದು ಸಂಸ್ಥೆಯಿಂದ ಒಬ್ಬರನ್ನು ಕರೆಯಲು ಕಾನೂನು ಬಿಟ್ಟಿದೆ. ಮನೆಯವರನ್ನೇ ಅಧ್ಯಕ್ಷೆ ಮಾಡಿ ಕೂರಿಸಬೇಡಿ. ಸಾಹುಕಾರರ ಹೆಂಡತಿಯ ಮುಂದೆ ಸಾಹುಕಾರರ ಮೇಸ್ತ್ರಿಯ ಮೇಲೆ ಯಾವ ಕೂಲಿ ಹೆಣ್ಣು ಬಾಯಿ ಬಿಡುತ್ತಾಳೆ? ಹೊರಗಿನ ಸದಸ್ಯರಿಗೆ ನಿಯಮದಲ್ಲಿ ದಿನಕ್ಕೆ 200 ರೂಪಾಯಿ ಭತ್ಯೆ ಮತ್ತು ಪ್ರಯಾಣದ ಖರ್ಚು ಅಂತ ಇದೆ. ಈಗಿನ ಕಾಲಕ್ಕೆ ಇದು ತೀರಾ ಕಮ್ಮಿ. ನೀವು ಮನಸ್ಸು ಮಾಡಿ ಜಾಸ್ತಿ ಕೊಡಿ, ಆಗ ಒಳ್ಳೆಯವರು ಸಿಗುತ್ತಾರೆ.

ಎರಡನೆಯದು ಬೋರ್ಡು. ಸಮಿತಿಯ ಆದೇಶ, ಕಿರುಕುಳಕ್ಕೆ ಏನು ಶಿಕ್ಷೆ ಅನ್ನುವುದು ಎಲ್ಲರಿಗೂ ಕಾಣುವ ಕಡೆ ಇರಬೇಕು. ಬಂಗಲೆಯ ಆಫೀಸಿನಲ್ಲಿ ಇಂಗ್ಲಿಷಿನ ಕಾಗದ ಅಂಟಿಸಿದರೆ ಅದು ಇನ್‌ಸ್ಪೆಕ್ಟರಿಗೆ ಮಾತ್ರ ಕಾಣುತ್ತದೆ. ಬೆಳಿಗ್ಗೆ ಹಾಜರಿ ಕೂಗುವ ಕಡೆ, ಹಣ್ಣು ತೂಗುವ ಕಡೆ, ಹೆಂಗಸರ ಟಾಯ್ಲೆಟ್ ಬಾಗಿಲ ಒಳಗಡೆ ಹಾಕಿ. ದೊಡ್ಡ ಅಕ್ಷರದ ಕನ್ನಡದಲ್ಲಿ, ಸಮಿತಿಯವರ ಫೋನ್ ನಂಬರಿನ ಜೊತೆ. ಬೇರೆ ಭಾಷೆಯವರಿದ್ದರೆ ಅವರ ಭಾಷೆಯಲ್ಲೂ ಇರಲಿ. ಓದಲು ಬಾರದವರಿಗೆ ಹಣ್ಣು ಕುಯ್ಯುವ ಕೆಲಸ ಶುರುವಾಗುವ ದಿನವೇ ಅರ್ಧ ಗಂಟೆ ನಿಲ್ಲಿಸಿ ಬಾಯಲ್ಲಿ ಹೇಳಿ, ಆ ಅರ್ಧ ಗಂಟೆಗೂ ಕೂಲಿ ಕೊಡಿ. ಮೇಸ್ತ್ರಿಗಳಿಗೆ, ಸೂಪರ್‌ವೈಸರ್‌ಗಳಿಗೆ ಬೇರೆಯಾಗಿ ತರಬೇತಿ ಮಾಡಿಸಿ.

ಮೂರನೆಯದು ಕಾಯ್ದೆಯಲ್ಲಿ ಬರೆದಿಲ್ಲ, ಆದರೆ ಉಳಿದೆಲ್ಲಕ್ಕಿಂತ ಹೆಚ್ಚು ಕೆಲಸ ಮಾಡುವುದು ಇದೇ ಅಂತ ನನ್ನ ಅನಿಸಿಕೆ. ಹಾಜರಿ ಹಾಕುವುದು, ಕೆಲಸದ ಜಾಗ ಹಂಚುವುದು, ದುಡ್ಡು ಎಣಿಸಿ ಕೊಡುವುದು, ಈ ಮೂರನ್ನೂ ಒಬ್ಬನ ಕೈಯಲ್ಲಿ ಇಡಬೇಡಿ. ಮೇಸ್ತ್ರಿ ಹಾಜರಿ ಹಾಕಲಿ, ರೈಟರ್ ಎದುರಿಗೇ ಕೂಗಿ ಬರೆದುಕೊಳ್ಳಲಿ. ತೂಕವನ್ನು ಕುಯ್ದವಳ ಮುಂದೆ ಗಟ್ಟಿಯಾಗಿ ಹೇಳಿ ಚೀಟಿ ಕೊಡಲಿ. ಕೂಲಿ ಬ್ಯಾಂಕ್ ಖಾತೆಗೆ ಹೋಗಲಿ. ಅವಳದ್ದೇ ಖಾತೆಗೆ, ಗಂಡನ ಖಾತೆಗೋ ಕಂಟ್ರಾಕ್ಟರ್ ಖಾತೆಗೋ ಅಲ್ಲ. ಯಾರದಾದರೂ ಹಾಜರಿ ಕತ್ತರಿಸಿದರೆ ಕಾರಣ ಬರೆಯಬೇಕು, ಮ್ಯಾನೇಜರ್ ಸಹಿ ಇರಬೇಕು. ಒಬ್ಬ ಹೆಂಗಸನ್ನು ಒಂಟಿಯಾಗಿ ದೂರದ ಮೂಲೆಗೆ ಕಳಿಸಬಾರದು ಅಂತ ನಿಯಮ ಮಾಡಿ. ಇಷ್ಟಾದರೆ ‘ನಾಳೆಯಿಂದ ಹಾಜರಿ ಇಲ್ಲ’ ಅನ್ನುವ ಬೆದರಿಕೆಗೆ ಹಲ್ಲೇ ಇರುವುದಿಲ್ಲ.

ಗುತ್ತಿಗೆದಾರನ ಕರಾರಿನಲ್ಲಿ ಕಿರುಕುಳದ ಬಗ್ಗೆ ಒಂದು ಷರತ್ತು ಸೇರಿಸಿ. ಅವನು ಕರೆತಂದವರ ಹೆಸರಿನ ಪಟ್ಟಿ ನಿಮ್ಮ ಹತ್ತಿರವೂ ಇರಲಿ. ಲೈನ್ ಮನೆಗಳಿಗೆ ಒಳಗಿನಿಂದ ಹಾಕುವ ಚಿಲಕ, ಸ್ನಾನದ ಮನೆಗೆ ಬಾಗಿಲು, ದಾರಿಗೆ ಬೀದಿ ದೀಪ. ಪಿಕಪ್ಪಿನಲ್ಲಿ ಹೆಣ್ಣಾಳುಗಳನ್ನು ಗಂಡಾಳುಗಳ ಮಧ್ಯೆ ತುರುಕಬೇಡಿ.

ಹೋಂಸ್ಟೇ, ರೆಸಾರ್ಟ್ ನಡೆಸುವವರು ಇದನ್ನು ಎರಡು ಸಲ ಓದಿ. ಕೆಲಸದ ಜಾಗಕ್ಕೆ ಬರುವ ಹೊರಗಿನವರಿಂದಲೂ ಕೆಲಸಗಾರ್ತಿಯನ್ನು ಕಾಪಾಡುವುದು ನಿಮ್ಮ ಕರ್ತವ್ಯ. ವಾರಾಂತ್ಯಕ್ಕೆ ಬೆಂಗಳೂರಿನಿಂದ ಬಂದ ಅತಿಥಿ ಕುಡಿದು, ರೂಮಿಗೆ ಟವೆಲ್ ಕೊಡಲು ಹೋದ ಹುಡುಗಿಯ ಕೈ ಹಿಡಿದರೆ ‘ಗೆಸ್ಟ್ ಅಲ್ವಾ, ಅಡ್ಜಸ್ಟ್ ಮಾಡ್ಕೊ’ ಅನ್ನುವ ಹಾಗಿಲ್ಲ. ಸಂಜೆ ಏಳರ ಮೇಲೆ ರೂಮ್ ಸರ್ವಿಸ್‌ಗೆ ಇಬ್ಬರು ಹೋಗಲಿ. ತಪ್ಪು ಮಾಡಿದ ಅತಿಥಿಯನ್ನು ರೂಮ್ ಖಾಲಿ ಮಾಡಿಸಿ, ಸಿಸಿಟಿವಿ ದೃಶ್ಯ ತೆಗೆದಿಡಿ, ಹುಡುಗಿ ಪೊಲೀಸರಿಗೆ ಕೊಡುತ್ತೇನೆ ಅಂದರೆ ಜೊತೆಗೆ ಹೋಗಿ. ಪೊಲೀಸ್ ದೂರಿಗೆ ನೆರವಾಗುವುದು ಕಾಯ್ದೆ ನಿಮಗೇ ಹೇಳಿರುವ ಕೆಲಸ. ಆನ್‌ಲೈನ್ ರಿವ್ಯೂ ಒಂದು ಸ್ಟಾರ್ ಕಮ್ಮಿ ಬಂದರೆ ಬರಲಿ.

ದೂರು ಬಂದಾಗ ನೀವೇ ಇಬ್ಬರನ್ನೂ ಕರೆಸಿ ಎದುರುಬದುರು ನಿಲ್ಲಿಸಿ ಕೇಳಬೇಡಿ. ಕಾಗದವನ್ನು ಹಾಗೇ ಸಮಿತಿಗೆ ಕೊಡಿ. ದೂರು ಕೊಟ್ಟವಳ, ಸಾಕ್ಷಿ ಹೇಳುವವರ ಹಾಜರಿ, ಕೂಲಿಯಲ್ಲಿ ಏನಾದರೂ ಬದಲಾವಣೆ ಆಗಿದೆಯಾ ಅಂತ ವಾರಕ್ಕೊಮ್ಮೆ ನೀವೇ ನೋಡಿ. ವಿಚಾರಣೆಗೆ ಹೋದ ದಿನಕ್ಕೂ ಕೂಲಿ ಹಾಕಿ. ಸಮಿತಿಯ ವರದಿ ಬಂದ ಮೇಲೆ 60 ದಿನ ಮೀರಬೇಡಿ. ‘ಇಪ್ಪತ್ತು ವರ್ಷದಿಂದ ಇದ್ದಾನೆ, ನಂಬಿಕಸ್ಥ’ ಅನ್ನುವುದು ವರದಿಯನ್ನು ಡ್ರಾಯರ್‌ನಲ್ಲಿ ಇಡಲು ಕಾರಣವಲ್ಲ.

ವರ್ಷ ಮುಗಿದ ಮೇಲೆ ಸಮಿತಿ ಒಂದು ವಾರ್ಷಿಕ ವರದಿ ಮಾಡಿ ಮಾಲೀಕರಿಗೂ ಜಿಲ್ಲಾ ಅಧಿಕಾರಿಗೂ ಕೊಡಬೇಕು. ಎಷ್ಟು ದೂರು ಬಂದವು, ಎಷ್ಟು ಮುಗಿದವು, 90 ದಿನ ಮೀರಿ ಎಷ್ಟು ಉಳಿದಿವೆ, ಎಷ್ಟು ತರಬೇತಿ ನಡೆದವು, ಏನು ಕ್ರಮವಾಯಿತು. ಒಂದೂ ದೂರು ಬಂದಿಲ್ಲದಿದ್ದರೂ ಸೊನ್ನೆ ಅಂತ ಬರೆದು ಕಳಿಸಬೇಕು. ಕಳಿಸಿದ್ದಕ್ಕೆ ಸ್ವೀಕೃತಿ ಸೀಲ್ ಹಾಕಿಸಿಕೊಂಡು ಫೈಲಿನಲ್ಲಿ ಇಟ್ಟುಕೊಳ್ಳಿ.